ಲೇಸರ್ ಕೆತ್ತನೆಗೆ ಯಾವ ವಸ್ತು? ಗಿಡಗಳ ಹೆಸರುಫಲಕ ಮಾಡಿದ ಕೆಲಸದ ಟಿಪ್ಪಣಿ

ತೋಟವೊಂದರ ಗಿಡಮರಗಳಿಗೆ ಹೆಸರುಫಲಕ ಮಾಡಿಕೊಡುವ ಕೆಲಸ. ಬೇಕಾಗಿದ್ದದ್ದು ಮೂರು ಬಗೆ. ಒಳಗೆ ಸೂರಿನಡಿ ತೂಗುಹಾಕಲು ಎಲ್ಲ ಹೆಸರುಗಳಿರುವ ಒಂದು ದೊಡ್ಡ ಹಲಗೆ, ಮಳೆ ಬಿಸಿಲಲ್ಲಿ ನಿಲ್ಲಬೇಕಾದ ಉದ್ದನೆಯ ಫಲಕಗಳು, ಕೊಂಬೆಗೆ ಕಟ್ಟಲು ಚಿಕ್ಕ ಬಿಲ್ಲೆಗಳು. ಅಕ್ಷರ ಜೋಡಣೆ, ಅಳತೆ ಎಲ್ಲ ಬೇಗ ಮುಗಿಯಿತು. ಹೆಚ್ಚು ಹೊತ್ತು ಹಿಡಿದದ್ದು ಯಾವುದನ್ನು ಯಾವುದರ ಮೇಲೆ ಕೆತ್ತಬೇಕು ಎಂಬ ತೀರ್ಮಾನ. ಹಿಡಿಯಬೇಕಾದದ್ದೂ ಅಲ್ಲೇ ಎಂದು ನನ್ನ ಅಭಿಪ್ರಾಯ. ವಸ್ತು ಸರಿಯಿದ್ದರೆ ಸಾಧಾರಣ ಯಂತ್ರವೂ ಚೊಕ್ಕ ಕೆಲಸ ಕೊಡುತ್ತದೆ. ವಸ್ತು ತಪ್ಪಾದರೆ ಎಂಥ ಸೆಟ್ಟಿಂಗೂ ಅದನ್ನು ಸರಿಮಾಡದು.

ಯಾವುದೇ ವಸ್ತು ಕೈಗೆ ಬಂದಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಯಂತ್ರದ ಬೆಳಕನ್ನು ಅದು ಹೀರಿಕೊಳ್ಳುತ್ತದೆಯೇ? ಹೀರಿಕೊಂಡ ಮೇಲೆ ಆ ಶಾಖಕ್ಕೆ ಏನಾಗುತ್ತದೆ: ಕರಕಲಾಗುತ್ತದೆಯೇ, ಕರಗುತ್ತದೆಯೇ, ಆವಿಯಾಗುತ್ತದೆಯೇ, ಸಿಡಿಯುತ್ತದೆಯೇ? ಆಗ ಏಳುವ ಹೊಗೆಯಲ್ಲಿ ಏನಿರುತ್ತದೆ? ನೋಡಲು ಎಷ್ಟು ಚೆಂದ, ಎಷ್ಟು ಗಟ್ಟಿ ಎಂಬುದೆಲ್ಲ ಆಮೇಲೆ.

ಮೊದಲ ಪ್ರಶ್ನೆಗೆ ಉತ್ತರ ಯಂತ್ರದ ಮೇಲೆ ನಿಂತಿದೆ. ನನ್ನ ಬಳಿ ಇರುವುದು 60 ವ್ಯಾಟ್ ಗಾಜಿನ ಟ್ಯೂಬಿನ ಸಿಓ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್ ಮತ್ತು 10 ವ್ಯಾಟ್‌ನ ನೀಲಿ ಡಯೋಡ್ ಲೇಸರ್. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ರೂಪಿಸಿದ ಸಿಓ2 ಲೇಸರ್‌ನ ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ತರಂಗಾಂತರ 10.6 ಮೈಕ್ರೋಮೀಟರ್. ಮರ, ಅಕ್ರಿಲಿಕ್, ಗಾಜು, ಚರ್ಮ, ಕಲ್ಲು ಎಲ್ಲವೂ ಇದನ್ನು ಚೆನ್ನಾಗಿ ಹೀರುತ್ತವೆ. ಬರಿಯ ಲೋಹ ಮಾತ್ರ ಬಹುಪಾಲು ತಿರುಗಿಸಿ ಕಳಿಸಿಬಿಡುತ್ತದೆ. ಡಯೋಡಿನದು ಸುಮಾರು 450 ನ್ಯಾನೋಮೀಟರ್‌ನ ನೀಲಿ ಬೆಳಕು. ನಮ್ಮ ಕಣ್ಣಿಗೆ ಬಣ್ಣವಿಲ್ಲದೆ ಪಾರದರ್ಶಕವಾಗಿ ಕಾಣುವುದು ಸಾಮಾನ್ಯವಾಗಿ ಅದಕ್ಕೂ ಪಾರದರ್ಶಕವೇ. ಹಾಗಾಗಿ ಬಣ್ಣವಿಲ್ಲದ ಅಕ್ರಿಲಿಕ್ ಮೇಲೆ ಡಯೋಡ್ ಓಡಿಸಿದರೆ ಶೀಟಿಗೆ ಏನೂ ಆಗುವುದಿಲ್ಲ, ಕೆಳಗಿನ ಮೇಜು ಸುಡುತ್ತದೆ. ಅದೇ ಅಕ್ರಿಲಿಕ್ ಕಪ್ಪಾಗಿದ್ದರೆ ಡಯೋಡೂ ಕೆತ್ತುತ್ತದೆ. ಕನ್ನಡಕದ ವಿಷಯದಲ್ಲೂ ಇದನ್ನೇ ನೆನಪಿಡಬೇಕು. ಸಾದಾ ಪಾಲಿಕಾರ್ಬನೇಟ್ ಕನ್ನಡಕ ಸಿಓ2 ಬೆಳಕನ್ನು ತಡೆಯುತ್ತದೆ, ನೀಲಿ ಬೆಳಕನ್ನು ಹಾಗೇ ಒಳಗೆ ಬಿಡುತ್ತದೆ. ಯಂತ್ರದ ತರಂಗಾಂತರ ನಮೂದಿಸಿರುವ ಕನ್ನಡಕವೇ ಬೇಕು.

ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಹೊರಾಂಗಣ ಫಲಕಕ್ಕೆ ಮೊದಲು ಬಂದ ಸಲಹೆ, ಬೋರ್ಡ್ ಬರೆಯುವವರು ಬಳಸುವ ಆ ಹಗುರವಾದ ಬಿಳಿ ಫೋಮ್ ಶೀಟ್. ನೀರಿಗೆ ಜಗ್ಗುವುದಿಲ್ಲ, ಬೇಕಾದ ದಪ್ಪದಲ್ಲಿ ಸಿಗುತ್ತದೆ. ಆದರೆ ಅದು ಬಹುಮಟ್ಟಿಗೆ ಪಿವಿಸಿ. ಪಿವಿಸಿಯ ಮೇಲೆ ಲೇಸರ್ ಬಿದ್ದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಗಾಳಿಯ ತೇವ ಸಿಕ್ಕಿದೊಡನೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಶ್ವಾಸಕೋಶಕ್ಕೆ ಕೆಡುಕು, ಕಣ್ಣಿಗೆ ಉರಿ. ಯಂತ್ರದೊಳಗಿನ ಉಕ್ಕಿನ ರೈಲು, ಬೇರಿಂಗ್, ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ, ಲೆನ್ಸು ಕನ್ನಡಿಗಳ ಮೇಲಿನ ಲೇಪ ಹಾಳಾಗುತ್ತದೆ. ಎಕ್ಸಾಸ್ಟ್ ಫ್ಯಾನ್ ಜೋರಾಗಿದೆ ಎಂಬುದು ಇಲ್ಲಿ ಸಮಾಧಾನವಲ್ಲ, ಏಕೆಂದರೆ ಅನಿಲ ಹುಟ್ಟುವುದೇ ಯಂತ್ರದ ಹೊಟ್ಟೆಯಲ್ಲಿ. ರೆಕ್ಸಿನ್, ವಿನೈಲ್ ಸ್ಟಿಕ್ಕರ್, ವೈರಿಗೆ ಸುತ್ತುವ ಇನ್ಸುಲೇಷನ್ ಟೇಪ್ ಇವೂ ಸಾಮಾನ್ಯವಾಗಿ ಪಿವಿಸಿಯೇ. ಕೆತ್ತನೆಯ ಮೇಲೆ ಅಂಟಿಸುವ ಮಾಸ್ಕಿಂಗ್ ಟೇಪ್ ಕಾಗದದ್ದೇ ಇರಬೇಕು ಎನ್ನುವುದು ಇದಕ್ಕಾಗಿ.

ಹೆಸರಿಲ್ಲದ ಪ್ಲಾಸ್ಟಿಕ್ ತುಂಡು ಬಂದರೆ ಬೈಲ್‌ಸ್ಟೈನ್ ಪರೀಕ್ಷೆ ಮಾಡುತ್ತೇನೆ. ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ಬೈಲ್‌ಸ್ಟೈನ್ 1872ರಲ್ಲಿ ಹೇಳಿದ ಉಪಾಯ ಇದು. ಇಕ್ಕಳದಲ್ಲಿ ಹಿಡಿದ ತಾಮ್ರದ ತಂತಿಯನ್ನು ಜ್ವಾಲೆಯ ಹಸಿರು ಹೋಗುವವರೆಗೆ ಕಾಯಿಸಿ, ಕೆಂಪಗಿರುವಾಗಲೇ ಪ್ಲಾಸ್ಟಿಕ್ಕಿಗೆ ತಾಗಿಸಿ, ಅಂಟಿದ ಚೂರಿನೊಂದಿಗೆ ಮತ್ತೆ ಜ್ವಾಲೆಗೆ ಹಿಡಿಯಬೇಕು. ಜ್ವಾಲೆ ಹಸಿರಾದರೆ ಕ್ಲೋರಿನ್ ಅಥವಾ ಬ್ರೋಮಿನ್ ಇದೆ ಎಂದರ್ಥ, ಆ ತುಂಡು ಲೇಸರ್ ಹತ್ತಿರವೂ ಬರಬಾರದು. ಈ ಪರೀಕ್ಷೆಯನ್ನು ಬಯಲಲ್ಲಿ, ಗಾಳಿ ನಮ್ಮ ಬೆನ್ನಿನ ಕಡೆಯಿಂದ ಬೀಸುವಂತೆ ನಿಂತು ಮಾಡಬೇಕು. ಒಂದು ಮಿತಿ ಇದೆ: ಫ್ಲೋರಿನ್ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಟೆಫ್ಲಾನ್ ಜಾತಿಯವನ್ನು ಪರೀಕ್ಷೆಯ ಫಲ ನೋಡದೆಯೇ ಬದಿಗಿಡುತ್ತೇನೆ. ಗಟ್ಟಿ ಪಾರದರ್ಶಕ ಶೀಟಾದರೆ ತೂಕವೂ ಸುಳಿವು ಕೊಡುತ್ತದೆ. 100 ಮಿ.ಮೀ. ಚದರದ, ಸರಿಯಾಗಿ 3 ಮಿ.ಮೀ. ದಪ್ಪದ ಅಕ್ರಿಲಿಕ್ ಸುಮಾರು 36 ಗ್ರಾಂ ತೂಗುತ್ತದೆ, ಅದೇ ಅಳತೆಯ ಗಟ್ಟಿ ಪಿವಿಸಿ 40 ಗ್ರಾಂ ದಾಟುತ್ತದೆ. ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ಲೆಕ್ಕ ಹಾಕಬೇಕು, ಶೀಟಿನ ಮೇಲೆ ಬರೆದದ್ದನ್ನು ನಂಬಬಾರದು. ಪಾಲಿಕಾರ್ಬನೇಟ್ ಮಾತ್ರ ತೂಕದಲ್ಲಿ ಅಕ್ರಿಲಿಕ್ಕಿನಂತೆಯೇ ಇರುವುದರಿಂದ ಹೀಗೆ ಬೇರ್ಪಡದು. ಅದರ ಮೇಲೆ ಸಣ್ಣ ಗೆರೆ ಎಳೆದರೆ ಹಳದಿ, ಕಂದು ಬಣ್ಣಕ್ಕೆ ತಿರುಗಿ ಸೀಯುತ್ತದೆ. ಅಲ್ಲಿಗೆ ನಿಲ್ಲಿಸಿದರಾಯಿತು. ಎಬಿಎಸ್ ಎಂಬ ಪ್ಲಾಸ್ಟಿಕ್ ಕರಗಿ ಜಿಗುಟಾಗುತ್ತದೆ, ಅದರ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರಬಹುದು. ಥರ್ಮಾಕೋಲ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಎಪಾಕ್ಸಿ ತುಂಬಿದ ಫೈಬರ್‌ಗ್ಲಾಸನ್ನೂ ನಾನು ಮುಟ್ಟುವುದಿಲ್ಲ.

ಉಳಿದ ವಸ್ತುಗಳಿಗೆಲ್ಲ ಒಂದೇ ಮಾದರಿ ಚಿತ್ರ ಮಾಡಿಕೊಂಡೆ. ಒಂದು ಅಂಚಿನಲ್ಲಿ ವೇಗ, ಇನ್ನೊಂದು ಅಂಚಿನಲ್ಲಿ ಪವರ್ ಏರುತ್ತ ಹೋಗುವ ಚೌಕಗಳ ಜಾಲ, ಕೆಳಗೆ ಬಿಳಿಯಿಂದ ಕಪ್ಪಿನವರೆಗಿನ ಒಂದು ಪಟ್ಟಿ, ಅದರ ಕೆಳಗೆ ‘ದ್ರಾಕ್ಷಿ’ ಮತ್ತು ‘ಅಶ್ವತ್ಥ’ ಎಂಬ ಎರಡು ಪದ ಬೇರೆ ಬೇರೆ ಗಾತ್ರಗಳಲ್ಲಿ. ಚೌಕಗಳ ಜಾಲವನ್ನು ಎಲ್ಲರೂ ಮಾಡುತ್ತಾರೆ. ಕನ್ನಡ ಕೆತ್ತುವವರಿಗೆ ಪದಗಳ ಸಾಲು ಅಷ್ಟೇ ಅಗತ್ಯ. ಅಶ್ವತ್ಥದ ಥ-ಒತ್ತಿನ ಹೊಟ್ಟೆಯೊಳಗೊಂದು ಚುಕ್ಕೆ ಇದೆಯಲ್ಲ, ಅದು ಬಿಡಿಯಾಗಿ ಕಂಡರೆ ಆ ವಸ್ತು ಆ ಗಾತ್ರಕ್ಕೆ ಪಾಸು. ಚುಕ್ಕೆಯೂ ಸುತ್ತಿನ ಗೆರೆಯೂ ಸೇರಿ ಮುದ್ದೆಯಾದರೆ ಗಾತ್ರ ಹೆಚ್ಚಿಸಬೇಕು, ಇಲ್ಲವೇ ವಸ್ತು ಬದಲಿಸಬೇಕು. ಅಕ್ಷರದ ದೇಹ ಚೆನ್ನಾಗಿ ಬಂದರೂ ಒತ್ತು ಕೆಟ್ಟರೆ ದೂರದಿಂದ ಓದುವವರು ತಡವರಿಸುತ್ತಾರೆ.

ಫೈಲಿನ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲೇಸರ್ ಸಾಫ್ಟ್‌ವೇರಿನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುವ ಸಂಭವ ಇದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಬರೆದು, ಪಾತ್ (ಅಕ್ಷರದ ಬದಲು ಬರಿಯ ಗೆರೆಯ ಆಕಾರ) ಆಗಿ ಬದಲಿಸಿ, ಆಮೇಲೆ ತರುವುದು ಒಳ್ಳೆಯದು. ಪಾತ್ ಆಗಿ ಬದಲಿಸಿದ ಮೇಲೆ ಮತ್ತೊಂದು ಹೆಜ್ಜೆ ಇದೆ: ಯೂನಿಯನ್. ಅನೇಕ ಫಾಂಟುಗಳಲ್ಲಿ ಗುಣಿತದ ಚಿಹ್ನೆ ಅಕ್ಷರದ ಮೇಲೆ ತುಸು ಹತ್ತಿ ಕೂತಿರುತ್ತದೆ. ಎರಡು ಆಕಾರ ಒಂದರ ಮೇಲೊಂದು ಬಂದ ಜಾಗವನ್ನು ಸಾಫ್ಟ್‌ವೇರ್ ತೂತೆಂದು ಭಾವಿಸಿ ಕೆತ್ತದೆ ಬಿಡುತ್ತದೆ. ಪರದೆಯ ಮೇಲೆ ಕಣ್ಣಿಗೆ ಬೀಳದ ಆ ಸಣ್ಣ ಬಿಳಿ ಮಚ್ಚೆ ಫಲಕದ ಮೇಲೆ ಎದ್ದು ಕಾಣುತ್ತದೆ. ಯೂನಿಯನ್ ಮಾಡಿ ಒಂದೇ ಆಕಾರವಾಗಿಸಿದರೆ ಈ ತೊಂದರೆ ಇಲ್ಲ.

ಗೆರೆಗಳ ನಡುವಿನ ಅಂತರ ಎಲ್ಲ ಮಾದರಿಗೂ 0.1 ಮಿ.ಮೀ., ಅಂದರೆ 254 ಡಿಪಿಐ (ಒಂದು ಇಂಚಿಗೆ 254 ಗೆರೆ). ನನ್ನ ಲೆನ್ಸಿನ ಬೆಳಕಿನ ಚುಕ್ಕೆಯೇ ಸುಮಾರು ಅಷ್ಟಿರುವಾಗ ಇನ್ನೂ ಹತ್ತಿರ ಎಳೆದರೆ ವಿವರ ಹೆಚ್ಚುವುದಿಲ್ಲ, ಶಾಖ ಮಾತ್ರ ಹೆಚ್ಚುತ್ತದೆ.

ಒಳಗಿನ ದೊಡ್ಡ ಹಲಗೆ ಮರದ್ದೇ ಎಂದು ಮೊದಲೇ ನಿಶ್ಚಯಿಸಿದ್ದೆ. ಯಾವ ಮರ ಎಂಬುದಷ್ಟೇ ಉಳಿದಿತ್ತು. ಮರದಲ್ಲಿ ನೋಡಬೇಕಾದದ್ದು ಗಡಸುತನಕ್ಕಿಂತ ಹೆಚ್ಚಾಗಿ ಸಮತೆ. ಪೈನ್ ಮೇಲೆ ಒಂದೇ ಪವರಿನಲ್ಲಿ ಕೆತ್ತಿದ ಚೌಕವನ್ನು ಬೆರಳಿನಲ್ಲಿ ಸವರಿದರೆ ಏರಿಳಿತ ಸ್ಪಷ್ಟವಾಗಿ ತಿಳಿಯುತ್ತದೆ. ವಸಂತದಲ್ಲಿ ಬೆಳೆದ ಮೆದು ಉಂಗುರ ಆಳಕ್ಕೆ ಸುಟ್ಟಿರುತ್ತದೆ, ಆಮೇಲೆ ಬೆಳೆದ ದಟ್ಟ ಉಂಗುರ ದಿಣ್ಣೆಯಾಗಿ ಉಳಿದಿರುತ್ತದೆ. ದೊಡ್ಡ ಚಿತ್ರಕ್ಕೆ ಅದೊಂದು ಸೊಗಸು. ಆದರೆ 8 ಮಿ.ಮೀ. ಎತ್ತರದ ಅಕ್ಷರದ ಒತ್ತು ಅಂಥ ದಿಣ್ಣೆಯ ಮೇಲೆ ಬಿದ್ದರೆ ಅರ್ಧ ಮಾಯ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಕೆತ್ತನೆಯ ಸುತ್ತ ಕಂದು ಮಸಿ ಅಂಟುತ್ತದೆ. ಮರವೇ ಕಂದಾಗಿರುವಾಗ ಅಕ್ಷರ ಎದ್ದು ಕಾಣುವುದೂ ಕಷ್ಟ. ಮೇಪಲ್, ಚೆರ್ರಿ, ಬಾಸ್‌ವುಡ್‌ನಂಥ ತೆಳುಬಣ್ಣದ, ಒತ್ತಾದ ನಾರಿನ ಮರಗಳಲ್ಲಿ ಅಂಚು ಚೂಪಾಗಿ ಬರುತ್ತದೆ. ಬಿದಿರಿನ ಹಲಗೆಯೂ ಪರವಾಗಿಲ್ಲ, ಗಿಣ್ಣಿನ ಭಾಗ ಮಾತ್ರ ಬೇರೆ ಬಣ್ಣಕ್ಕೆ ಸುಡುತ್ತದೆ.

ಪ್ಲೈವುಡ್ಡಿನಲ್ಲಿ ಇಕ್ಕಟ್ಟು ಅಂಟಿನದು. ಮೇಲಿನ ಪದರ ತೆಳುವಾಗಿದ್ದರೆ ಕೆತ್ತನೆ ಅಂಟಿನವರೆಗೆ ಇಳಿದು ಅಲ್ಲಲ್ಲಿ ಕಪ್ಪು ತೇಪೆ ಬೀಳುತ್ತದೆ. ಒಳಪದರದಲ್ಲಿ ಗಂಟೋ ಖಾಲಿ ಜಾಗವೋ ಇದ್ದರೆ ಹೊರಗಿನಿಂದ ತಿಳಿಯುವುದೂ ಇಲ್ಲ. ಆಳ ಕೆತ್ತದೆ ಮೇಲುಮೇಲೆ ಬಣ್ಣ ಬದಲಿಸುವುದಕ್ಕಷ್ಟೇ ಅದನ್ನು ಬಳಸುತ್ತೇನೆ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಎಲ್ಲ ಕಡೆ ಒಂದೇ ಸಮ ಸುಡುತ್ತದೆ ನಿಜ, ಆದರೆ ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕೆತ್ತಿದ ಜಾಗ ಕಂದಾಗಿ, ಸುತ್ತಲೂ ಕಂದೇ ಇರುವುದರಿಂದ ಓದಲೂ ಹಿತವಲ್ಲ.

ಹಲಗೆಗೆ ಮೇಪಲ್ ಆರಿಸಿದೆ. ಹಲಗೆ ಬಾಗಿದೆಯೇ ಎಂದು ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿದೆ, ಏಕೆಂದರೆ ಮಧ್ಯೆ ಒಂದೆರಡು ಮಿ.ಮೀ. ಉಬ್ಬಿದರೂ ಫೋಕಸ್ ತಪ್ಪಿ ಅಂಚಿನ ಅಕ್ಷರಗಳು ದಪ್ಪವಾಗುತ್ತವೆ. ಉಪ್ಪು ಕಾಗದದಲ್ಲಿ ನುಣ್ಣಗೆ ಉಜ್ಜಿ, ಕಾಗದದ ಟೇಪ್ ಅಂಟಿಸಿ, ಅದರ ಮೇಲಿನಿಂದಲೇ ಕೆತ್ತಿದೆ. ಹೊಗೆಯ ಕಂದು ಕಲೆಯೆಲ್ಲ ಟೇಪಿನ ಮೇಲೇ ಕೂತು, ಟೇಪ್ ಕಿತ್ತಾಗ ಮರ ಬೆಳ್ಳಗೆ ಉಳಿಯಿತು. ಎಣ್ಣೆಯ ಪಾಲಿಶ್ ಹಚ್ಚುವ ಮೊದಲು ಮೆದು ಬ್ರಷ್ಷಿನಿಂದ ಅಕ್ಷರದೊಳಗಿನ ಕರಿಯನ್ನು ತೆಗೆಯಲೇಬೇಕು. ಇಲ್ಲದಿದ್ದರೆ ಪಾಲಿಶ್ ಬಟ್ಟೆ ಆ ಕರಿಯನ್ನು ಹಲಗೆಯ ತುಂಬ ಬಳಿಯುತ್ತದೆ.

ಹೊರಗಿನ ಫಲಕಕ್ಕೆ ಮರ ಬೇಡವೆಂದದ್ದು ಮಳೆಯ ಭಯದಿಂದ ಮಾತ್ರ ಅಲ್ಲ. ಬಿಸಿಲಿಗೆ ಮರದ ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅಕ್ಷರದ ಕರಿ ಮಳೆಗೆ ಸವೆಯುತ್ತದೆ. ಎರಡೂ ಒಂದೇ ಬಣ್ಣದ ಕಡೆಗೆ ಸಾಗಿದರೆ ಕೆತ್ತನೆ ಇದ್ದೂ ಇಲ್ಲದಂತೆ.

ಅಲ್ಲಿಗೆ ಅಕ್ರಿಲಿಕ್ ಬಂತು. ನನಗೆ ತುಂಬ ಇಷ್ಟದ ವಸ್ತು ಇದು, ಲೇಸರ್‌ಗೆ ಇಷ್ಟು ಚೊಕ್ಕವಾಗಿ ಸ್ಪಂದಿಸುವ ಪ್ಲಾಸ್ಟಿಕ್ ಬೇರೆ ಕಂಡಿಲ್ಲ. ಇದಕ್ಕೆ ಕಾರಣ ಅದರ ರಸಾಯನದಲ್ಲಿದೆ. ಸಾಕಷ್ಟು ಕಾದಾಗ ಅಕ್ರಿಲಿಕ್ಕಿನ ಉದ್ದನೆಯ ಸರಪಳಿ ಬಿಚ್ಚಿಕೊಂಡು ತಾನು ಹುಟ್ಟಿದ ಮಿಥೈಲ್ ಮೆಥಾಕ್ರಿಲೇಟ್‌ಗೆ ಮರಳುತ್ತದೆ. ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ದ್ರವ, ಹಾಗಾಗಿ ಆವಿಯಾಗಿ ಹಾರಿಹೋಗುತ್ತದೆ, ಕರಕಲು ಉಳಿಯುವುದಿಲ್ಲ. ಆ ಆವಿ ಘಾಟು, ಬೇಗ ಹೊತ್ತಿಕೊಳ್ಳುವಂಥದ್ದೂ ಹೌದು. ಎಕ್ಸಾಸ್ಟ್ ಮತ್ತು ಏರ್ ಅಸಿಸ್ಟ್ (ಲೇಸರ್ ಬೀಳುವ ಜಾಗಕ್ಕೆ ಗಾಳಿ ಊದುವ ವ್ಯವಸ್ಥೆ) ಇಲ್ಲದೆ ಅಕ್ರಿಲಿಕ್ ಕೆಲಸಕ್ಕೆ ಕೈಹಾಕಬಾರದು, ಓಡುತ್ತಿರುವ ಯಂತ್ರ ಬಿಟ್ಟು ಎದ್ದು ಹೋಗಲೂಬಾರದು.

ಅಕ್ರಿಲಿಕ್‌ನಲ್ಲಿ ಎರಡು ಜಾತಿ. ಎರಡು ಗಾಜಿನ ಹಲಗೆಗಳ ನಡುವೆ ದ್ರವ ಸುರಿದು ಗಟ್ಟಿಮಾಡಿದ್ದು ಕಾಸ್ಟ್. ಬಿಸಿ ಪ್ಲಾಸ್ಟಿಕ್ಕನ್ನು ಸೀಳಿನಿಂದ ಒತ್ತಿ ಹೊರತೆಗೆದದ್ದು ಎಕ್ಸ್‌ಟ್ರೂಡೆಡ್. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ತಿಳಿಯದು, ಲೇಸರ್ ಒಂದು ಗೆರೆ ಎಳೆದರೆ ತಿಳಿಯುತ್ತದೆ. ಕಾಸ್ಟ್ ಮೇಲೆ ಕೆತ್ತಿದ ಜಾಗ ಹಿಮದಂತೆ ಬೆಳ್ಳಗೆ ಮಂಜುಮಂಜಾಗುತ್ತದೆ. ಎಕ್ಸ್‌ಟ್ರೂಡೆಡ್‌ನಲ್ಲಿ ಕೆತ್ತಿದ್ದು ಕರಗಿ ಪಾರದರ್ಶಕವಾಗಿಯೇ ಉಳಿಯುತ್ತದೆ, ಅಂಚಿನಲ್ಲಿ ಉಗುರಿಗೆ ತಾಗುವ ಜಿಗುಟು ದಿಬ್ಬ ಏಳುತ್ತದೆ. ಅಂಚು ಹೊಳೆಯುವಂತೆ ಕತ್ತರಿಸುವುದಕ್ಕೆ ಎಕ್ಸ್‌ಟ್ರೂಡೆಡ್ ಒಳ್ಳೆಯದು, ಕೆತ್ತನೆಗೆ ಕಾಸ್ಟ್. ಶೀಟಿನ ಮೂಲೆಗಳಲ್ಲಿ ದಪ್ಪ ಅಳೆದಾಗ ತುಸು ಹೆಚ್ಚುಕಡಿಮೆ ಬಂದರೆ ಕಾಸ್ಟ್ ಇರುವ ಸಂಭವ ಜಾಸ್ತಿ, ಎಕ್ಸ್‌ಟ್ರೂಡೆಡ್ ಎಲ್ಲೆಡೆ ಒಂದೇ ಅಳತೆ ತೋರಿಸುತ್ತದೆ.

ಫಲಕಕ್ಕೆ 5 ಮಿ.ಮೀ. ದಪ್ಪದ ಕಪ್ಪು ಕಾಸ್ಟ್ ಅಕ್ರಿಲಿಕ್ ತೆಗೆದುಕೊಂಡೆ. ಬಿಸಿಲನ್ನು ಅಕ್ರಿಲಿಕ್ ಚೆನ್ನಾಗಿ ತಾಳುತ್ತದೆ. ಆದರೆ ಕಪ್ಪಿನ ಮೇಲೆ ಬರಿಯ ಕೆತ್ತನೆ ಬೂದು ಬಣ್ಣದ್ದು, ಅದು ಒದ್ದೆಯಾದಾಗ ಇನ್ನೂ ಮಂಕು. ಆದ್ದರಿಂದ ಅಕ್ಷರದೊಳಗೆ ಬಣ್ಣ ತುಂಬಬೇಕಾಯಿತು. ಶೀಟಿನ ಮೇಲಿದ್ದ ರಕ್ಷಣೆಯ ಕಾಗದ ತೆಗೆಯದೆ ಅದರ ಮೂಲಕವೇ ಕೆತ್ತಿದೆ: ವೇಗ ಸೆಕೆಂಡಿಗೆ 300 ಮಿ.ಮೀ., ಪವರ್ ಶೇ. 25ರ ಆಸುಪಾಸು. ಇನ್ನೊಂದು ಯಂತ್ರಕ್ಕೆ ಈ ಅಂಕಿಗಳು ಹೊಂದಬೇಕೆಂದಿಲ್ಲ, ಟ್ಯೂಬು ಹಳೆಯದಾದಂತೆ ನನ್ನದಕ್ಕೇ ಹೊಂದುವುದಿಲ್ಲ. ಗಾಜಿನ ಟ್ಯೂಬನ್ನು ಶೇ. 10ಕ್ಕಿಂತ ಕೆಳಗೆ ಇಳಿಸಿದರೆ ಬೆಳಕು ಹತ್ತಿ ಆರಿ ಮಾಡುತ್ತದೆ. ತೆಳು ಕೆತ್ತನೆ ಬೇಕೆಂದರೆ ಪವರ್ ಇಳಿಸುವುದಕ್ಕಿಂತ ವೇಗ ಹೆಚ್ಚಿಸುವುದು ಲೇಸು.

ಕೆತ್ತಿದ ಮೇಲೆ ಬ್ರಷ್ಷಿನಿಂದ ಬಿಳಿ ಪುಡಿ ಗುಡಿಸಿ, ನೀರಿನಲ್ಲಿ ಕಲಸುವ ಬಿಳಿ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿದೆ. ಎರಡನೆಯದು ಪೂರ್ತಿ ಒಣಗುವ ಮೊದಲೇ ಕಾಗದ ಕೀಳಬೇಕು. ಒಣಗಿದ ಮೇಲೆ ಕಿತ್ತರೆ ಒತ್ತಿನೊಳಗಿನ ಬಣ್ಣದ ಪೊರೆಯೂ ಅದರ ಜೊತೆ ಎದ್ದುಬರುತ್ತದೆ. ಥ-ಒತ್ತಿನ ಒಳಗಿನ ಸಾಸಿವೆ ಗಾತ್ರದ ಕಾಗದದ ಚೂರುಗಳನ್ನು ಚಿಮುಟದಿಂದ ಒಂದೊಂದಾಗಿ ತೆಗೆದೆ. ತಾಳ್ಮೆ ಬೇಡುವ ಕೆಲಸ, ಆದರೆ ಕಪ್ಪಿನ ಮೇಲೆ ಬೆಳ್ಳಗೆ ‘ಅಶ್ವತ್ಥ’ ಮೂಡಿ ಬಂದಾಗ ಕಣ್ಣು ತಣಿಯಿತು. ಒರೆಸಲು ಸ್ಪಿರಿಟ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಯಾವುದೂ ಬೇಡ. ಲೇಸರ್ ಶಾಖಕ್ಕೆ ಒಳಗೆ ಬಿಗಿದುಕೊಂಡಿರುವ ಅಕ್ರಿಲಿಕ್ ಅಂಥ ದ್ರವ ತಾಗಿದಾಗ ಕೂದಲೆಳೆಯ ಬಿರುಕು ಬಿಡುತ್ತದೆ. ಸೋಪುನೀರು ಸಾಕು.

ಇನ್ನು ಕೊಂಬೆಯ ಬಿಲ್ಲೆಗಳು. ಮೊದಲು ನೋಡಿದ್ದು ಚರ್ಮ. ಗಿಡಮರಗಳ ಟ್ಯಾನಿನ್ ಬಳಸಿ ಹದಮಾಡಿದ ಚರ್ಮದ ಮೇಲೆ ಲೇಸರ್ ಗಾಢ ಕಂದು ಗೆರೆ ಎಳೆಯುತ್ತದೆ, ಬಹಳ ಚೆಂದ. ಕ್ರೋಮಿಯಂ ಲವಣದಿಂದ ಹದಮಾಡಿದ್ದಾದರೆ ಬೇಡ, ಸುಟ್ಟಾಗ ವಿಷಕಾರಿ ಕ್ರೋಮಿಯಂ ಸಂಯುಕ್ತ ಹುಟ್ಟುವ ಅಪಾಯವಿದೆ. ಕತ್ತರಿಸಿದ ಅಂಚಿನ ನಡುಭಾಗ ನೀಲಿ ಬೂದು ಇದ್ದರೆ ಅದು ಕ್ರೋಮ್ ಚರ್ಮವೆಂದು ಅನುಮಾನಿಸಬೇಕು. ಏನೇ ಆದರೂ ಮಳೆಗೆ ಚರ್ಮ ಆಗದು. ಸ್ಲೇಟ್ ಕಲ್ಲು ಕೆತ್ತಿದೊಡನೆ ತಿಳಿಬೂದು ಬಣ್ಣಕ್ಕೆ ತಿರುಗಿ ಚೆನ್ನಾಗಿ ಓದಿಸಿಕೊಳ್ಳುತ್ತದೆ, ನೆಲದಲ್ಲಿ ನೆಡುವ ಗುರುತಿಗೆ ಸೊಗಸು. ಕೊಂಬೆಗೆ ಭಾರ, ಪದರ ಪದರವಾಗಿ ಏಳುವ ಗುಣವೂ ಇದೆ. ಗಾಜನ್ನು ಸಿಓ2 ಬೆಳಕು ಕೆತ್ತುವುದಲ್ಲ, ಮೇಲ್ಮೈಯನ್ನು ಸಣ್ಣಸಣ್ಣದಾಗಿ ಸಿಡಿಸುತ್ತದೆ. ಒದ್ದೆ ಕಾಗದ ಹೊದಿಸಿದರೆ ಶಾಖ ಹರಡಿ ಚೂರುಗಳು ಚಿಕ್ಕದಾಗಿ ಏಳುತ್ತವೆ. ಆದರೂ ಒತ್ತಿನಂಥ ಸೂಕ್ಷ್ಮಕ್ಕೆ ಅಂಚು ಒರಟು. ಟಫನ್ ಮಾಡಿದ ಗಾಜು ಪೂರ್ತಿ ಪುಡಿಯಾಗಬಹುದು, ಅದನ್ನು ಕೆತ್ತಬಾರದು.

ಕೊನೆಗೆ ನಿಂತದ್ದು 1 ಮಿ.ಮೀ. ದಪ್ಪದ ಕಪ್ಪು ಆನೊಡೈಸ್ಡ್ ಅಲ್ಯೂಮಿನಿಯಂ. ಬರಿಯ ಅಲ್ಯೂಮಿನಿಯಂ ನನ್ನ ಎರಡೂ ಯಂತ್ರಕ್ಕೆ ಬಗ್ಗದು, ಅದಕ್ಕೆ 1064 ನ್ಯಾನೋಮೀಟರ್‌ನ ಫೈಬರ್ ಲೇಸರ್ ಬೇಕು. ಸ್ಟೇನ್‌ಲೆಸ್ ಸ್ಟೀಲಿಗಾದರೆ ಮಾಲಿಬ್ಡಿನಮ್ ಇರುವ ಸ್ಪ್ರೇ ಹೊಡೆದು ಕಪ್ಪು ಗುರುತು ಸುಟ್ಟು ಕೂರಿಸಬಹುದು, ಆದರೆ ಬಿಲ್ಲೆಗಳ ರಾಶಿಗೆ ಸ್ಪ್ರೇ ಹೊಡೆಯುವುದು, ಒಣಗಿಸುವುದು, ತೊಳೆಯುವುದು ಬೇಡದ ದುಡಿಮೆ. ಆನೊಡೈಸ್ಡ್‌ನಲ್ಲಿ ಲೋಹದ ಮೇಲೆ ಆಕ್ಸೈಡಿನ ಗಟ್ಟಿ ಪದರ, ಅದರ ಸೂಕ್ಷ್ಮರಂಧ್ರಗಳಲ್ಲಿ ಬಣ್ಣ. ಲೇಸರ್ ಆ ಬಣ್ಣವನ್ನಷ್ಟೇ ಸುಟ್ಟು ಬೆಳ್ಳಗೆ ಮಾಡುತ್ತದೆ. ಲೋಹ ಕರಗುವುದಿಲ್ಲ, ಹೊಗೆ ತೀರ ಕಡಿಮೆ, ಬೆರಳಿಗೆ ಆಳವೂ ಸಿಗುವುದಿಲ್ಲ. ಎಲ್ಲ ಮಾದರಿಗಳ ಪೈಕಿ ಥ-ಒತ್ತಿನ ಚುಕ್ಕೆ ತೀರ ಚಿಕ್ಕ ಗಾತ್ರದಲ್ಲೂ ಬಿಡಿಯಾಗಿ ಕಂಡದ್ದು ಇದರಲ್ಲೇ. ಪವರ್ ಹೆಚ್ಚಾದರೆ ಬಿಳುಪು ಹೆಚ್ಚುವ ಬದಲು ಕೊಳೆಯಾಗಿ ಬೂದಾಗುತ್ತದೆ, ಅಲ್ಲಿಂದ ಒಂದು ಚೌಕ ಹಿಂದೆ ನಿಲ್ಲಿಸಬೇಕು. ಕೆಂಪು, ನೀಲಿ ಬಣ್ಣದವು ಬಿಸಿಲಿಗೆ ಬೇಗ ಮಾಸುವ ಸಾಧ್ಯತೆ ಇರುವುದರಿಂದ ಹೊರಗಿಡುವುದಕ್ಕೆ ಕಪ್ಪನ್ನೇ ಆರಿಸಿಕೊಂಡೆ. ಪೇಂಟ್ ಬಳಿದ ಅಲ್ಯೂಮಿನಿಯಂ ಮತ್ತು ಆನೊಡೈಸ್ಡ್ ನೋಡಲು ಒಂದೇ ಥರ ಇರುತ್ತವೆ. ಮೂಲೆಯನ್ನು ಚಾಕುವಿನಿಂದ ಕೆರೆದಾಗ ಪೇಂಟ್ ಸಿಪ್ಪೆಯಾಗಿ ಏಳುತ್ತದೆ, ಆನೊಡೈಸ್ಡ್ ಏಳುವುದಿಲ್ಲ.

ಬಿಲ್ಲೆಗಳ ತೂತಿಗೆ ತಂತಿಯನ್ನು ಬಿಗಿಯದೆ, ಕೊಂಬೆ ದಪ್ಪವಾಗುವುದಕ್ಕೆ ಎಡೆಬಿಟ್ಟು ಸಡಿಲವಾಗಿ ಕಟ್ಟಿದೆ. ಅಕ್ರಿಲಿಕ್ ಫಲಕಗಳನ್ನು ಕಂಬಕ್ಕೆ ಸ್ಕ್ರೂ ಹಾಕಿ ನಿಲ್ಲಿಸಬೇಕಿತ್ತು. ಅಕ್ರಿಲಿಕ್ ಶಾಖಕ್ಕೆ ಲೋಹಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ: 300 ಮಿ.ಮೀ. ಉದ್ದದ ಫಲಕ 40 ಡಿಗ್ರಿ ಬಿಸಿಯೇರಿದರೆ ಸುಮಾರು 0.8 ಮಿ.ಮೀ. ಬೆಳೆಯುತ್ತದೆ. ಕಪ್ಪು ಫಲಕ ಬಿಸಿಲಲ್ಲಿ ಅಷ್ಟು ಕಾಯುವುದು ಸಹಜ. ಆದ್ದರಿಂದ 4 ಮಿ.ಮೀ. ಸ್ಕ್ರೂವಿಗೆ 6 ಮಿ.ಮೀ. ತೂತನ್ನು ಲೇಸರ್‌ನಲ್ಲೇ ಕತ್ತರಿಸಿ, ಅಂಚಿನಿಂದ 12 ಮಿ.ಮೀ. ಒಳಗಿಟ್ಟು, ತಲೆಯಡಿ ರಬ್ಬರ್ ವಾಷರ್ ಹಾಕಿದೆ. ವಾಷರ್ ಕೈಯಲ್ಲಿ ತಿರುಗದಷ್ಟಕ್ಕೆ ಸ್ಕ್ರೂ ಬಿಗಿ ಮಾಡಿದರೆ ಸಾಕು.